ಕೇಳಿದ್ದು ಬುಷ್ಷು, ಬಾಂಬಲ್ಲ!

ಕಿಡ್ನಿಯಲ್ಲಿ ಕಲ್ಲಾದವರಿಗೆ ಹೊಟ್ಟೆ ಕೊಯ್ಯದೆ, ಹೊರಗಿನಿಂದಲೇ ಆಘಾತ ತರಂಗ ಹಾಯಿಸಿ ಕಲ್ಲನ್ನು ಪುಡಿ ಮಾಡುವ ಯಂತ್ರವೊಂದಿದೆ. ಲಿಥೋಟ್ರಿಪ್ಟರ್ ಅಂತ ಅದರ ಹೆಸರು. ಅದರೊಳಗೆ ಟ್ರಿಗರ್ಡ್ ಸ್ಪಾರ್ಕ್ ಗ್ಯಾಪ್ ಎಂಬ ಪುಟ್ಟ ಸ್ವಿಚ್ಚು ಇರುತ್ತದೆ. ಕಣ್ಣೆವೆ ಮುಚ್ಚುವಷ್ಟರಲ್ಲಿ ಲಕ್ಷಾಂತರ ಸಲ ಮುಗಿದುಹೋಗುವಷ್ಟು ಚಿಕ್ಕ ಅವಧಿಯಲ್ಲಿ ಭಾರಿ ವಿದ್ಯುತ್ತನ್ನು ಹರಿಸುವುದು ಅದರ ಕೆಲಸ. ತಮಾಷೆಯೆಂದರೆ, ಅಣುಬಾಂಬನ್ನು ಸಿಡಿಸುವ ವ್ಯವಸ್ಥೆಗೂ ಅಂಥದ್ದೇ ಸ್ವಿಚ್ಚು ಬೇಕು.

2003ರಲ್ಲಿ ದಕ್ಷಿಣ ಆಫ್ರಿಕಾದಲ್ಲಿದ್ದ ವ್ಯಾಪಾರಿಯೊಬ್ಬ ಅಮೆರಿಕದ ಕಂಪನಿಯಿಂದ ಇಂಥ 200 ಸ್ವಿಚ್ಚು ತರಿಸಲು ಹೊರಟ. ಆಸ್ಪತ್ರೆಗೆ ಬೇಕು ಅಂದ. ಒಂದು ಆಸ್ಪತ್ರೆಗೆ ಬೇಕಾಗುವುದು ಬೆರಳೆಣಿಕೆಯಷ್ಟು. 200 ಯಾಕೆ ಎಂಬ ಅನುಮಾನ ಬಂತು. ಅಮೆರಿಕದ ಅಧಿಕಾರಿಗಳು ಕೆಲಸ ಮಾಡದಂತೆ ಮೊದಲೇ ಕೆಡಿಸಿಟ್ಟ 66 ಸ್ವಿಚ್ಚುಗಳನ್ನು ಕಳಿಸಿ ಅವು ಎಲ್ಲಿಗೆ ಹೋಗುತ್ತವೆ ಅಂತ ಕಾದು ನೋಡಿದರು. ಪೆಟ್ಟಿಗೆ ದಕ್ಷಿಣ ಆಫ್ರಿಕಾದಿಂದ ಪಾಕಿಸ್ತಾನಕ್ಕೆ ಹೋಯಿತು. 2004ರ ಜನವರಿ 1ರಂದು ಆ ವ್ಯಾಪಾರಿ ಡೆನ್ವರ್ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ.

ಈ ಕಥೆ ನಾನು ಓದಿದ್ದು ಪತ್ತೇದಾರಿ ಕಾದಂಬರಿಯ ಹುಚ್ಚಿನಿಂದಲ್ಲ, ಹೊಟ್ಟೆಪಾಡಿಗೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಎರಡು ವರ್ಷದಿಂದ ಪೀಣ್ಯದ ಒಂದು ಸಣ್ಣ ಮಷಿನ್ ಶಾಪ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಸಿಎನ್‌ಸಿ ಯಂತ್ರಗಳ ಮುಂದೆ ನಿಲ್ಲುವ ಆಸೆಯಿತ್ತು. ನನ್ನ ಇಂಗ್ಲಿಷ್ ಪರವಾಗಿಲ್ಲ ಅಂತ ಡಿಸ್ಪ್ಯಾಚ್ ಟೇಬಲ್ಲಿಗೆ ಕೂರಿಸಿದರು. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ನನ್ನ ಪಾಲಿಗೆ ಬಂದವು. ಅದರ ಜೊತೆಗೆ, ಕಾಲೇಜಿನ ನಾಲ್ಕು ವರ್ಷದಲ್ಲಿ ಒಂದು ಸಲವೂ ಕಿವಿಗೆ ಬೀಳದ ಒಂದು ಪದವೂ ಬಂತು: ರಫ್ತು ನಿಯಂತ್ರಣ.

ಎಳನೀರು ಮಚ್ಚಿನ ನ್ಯಾಯ

ಎಳನೀರು ಮಾರುವವರ ಕೈಯಲ್ಲಿ ಮಚ್ಚಿದ್ದರೆ ನಾವು ಹೆದರುವುದಿಲ್ಲ, 'ಗಂಜಿ ಇರೋದು ಕೊಡಣ್ಣಾ' ಅನ್ನುತ್ತೇವೆ. ಅದೇ ಮಚ್ಚು ರಾತ್ರಿ ಹನ್ನೊಂದಕ್ಕೆ ಇನ್ನೊಬ್ಬನ ಕೈಯಲ್ಲಿದ್ದರೆ ರಸ್ತೆ ದಾಟಿಬಿಡುತ್ತೇವೆ. ಕಬ್ಬಿಣ ಅದೇ, ಹಿಡಿ ಅದೇ. ಬದಲಾಗಿದ್ದು ಕೈ ಮತ್ತು ಉದ್ದೇಶ. ನಾಗರಿಕ ಕೆಲಸಕ್ಕೂ ಮಿಲಿಟರಿ ಕೆಲಸಕ್ಕೂ ಒದಗುವ ಇಂಥ ಸಾಮಾನನ್ನು 'ಡ್ಯುಯಲ್ ಯೂಸ್' ಅನ್ನುತ್ತಾರೆ. ನಮ್ಮ ಭಾಷೆಯಲ್ಲಿ ಇಬ್ಬಳಕೆಯ ಸಾಮಾನು ಅನ್ನಬಹುದೇನೋ.

ಬಂದೂಕು, ಕ್ಷಿಪಣಿ, ಟ್ಯಾಂಕ್ ರಫ್ತಿಗೆ ಅನುಮತಿ ಬೇಕು ಅಂದರೆ ಯಾರಿಗೂ ಆಶ್ಚರ್ಯವಿಲ್ಲ. ತಲೆಬಿಸಿ ಇರುವುದು ಇಬ್ಬಳಕೆಯಲ್ಲಿ. ಸೈಕಲ್ಲಿಗೂ ಟೆನಿಸ್ ರಾಕೆಟ್ಟಿಗೂ ಬಳಸುವ ಕಾರ್ಬನ್ ಫೈಬರ್‌ನ ಉತ್ತಮ ದರ್ಜೆ ಕ್ಷಿಪಣಿಯ ಕವಚಕ್ಕೂ ಆಗುತ್ತದೆ. ಹಾಲಿನ ಪುಡಿ ತಯಾರಿಸುವ ಬಗೆಯ ಸ್ಪ್ರೇ ಡ್ರೈಯರ್ ರೋಗಾಣುಗಳನ್ನು ಪುಡಿ ರೂಪದಲ್ಲಿ ಇಡಲಿಕ್ಕೂ ಆಗುತ್ತದೆ. ಐದು ಅಕ್ಷಗಳಲ್ಲಿ ಏಕಕಾಲಕ್ಕೆ ಚಲಿಸುವ ಮಿಲ್ಲಿಂಗ್ ಯಂತ್ರ ಕೃತಕ ಮಂಡಿಯನ್ನೂ ಕೊರೆಯಬಲ್ಲದು, ಜಲಾಂತರ್ಗಾಮಿಯ ಪ್ರೊಪೆಲ್ಲರನ್ನೂ ಕೊರೆಯಬಲ್ಲದು.

ಈ ಕೊನೆಯದು ಬರೀ ಊಹೆಯಲ್ಲ. 1980ರ ದಶಕದ ಆರಂಭದಲ್ಲಿ ಜಪಾನಿನ ತೋಷಿಬಾ ಮಷಿನ್ ಕಂಪನಿ ಸೋವಿಯತ್ ಒಕ್ಕೂಟಕ್ಕೆ ಅಂಥ ಯಂತ್ರಗಳನ್ನು ಮಾರಿತು. ಅವನ್ನು ನಡೆಸುವ ಕಂಟ್ರೋಲರ್‌ಗಳು ನಾರ್ವೆಯ ಕಾಂಗ್ಸ್‌ಬರ್ಗ್ ಕಂಪನಿಯವು. ಕಾಗದದಲ್ಲಿ ಸಾಧಾರಣ ಯಂತ್ರ ಅಂತ ಬರೆದಿದ್ದರು. ಸೋವಿಯತ್ ಜಲಾಂತರ್ಗಾಮಿಗಳು ಸದ್ದಿಲ್ಲದೆ ಓಡಾಡುವುದಕ್ಕೆ ಈ ಯಂತ್ರಗಳೇ ನೆರವಾದವು ಅಂತ ಅಮೆರಿಕ ದೂರಿತು. 1987ರಲ್ಲಿ ವಿಷಯ ಹೊರಬಿದ್ದಾಗ ಅಮೆರಿಕದ ಕೆಲವು ಸಂಸದರು ಸಂಸತ್ತಿನ ಎದುರೇ ತೋಷಿಬಾ ರೇಡಿಯೊವನ್ನು ಸುತ್ತಿಗೆಯಿಂದ ಕುಟ್ಟಿ ಪುಡಿ ಮಾಡಿದರು. ಮಾತೃಸಂಸ್ಥೆಯ ಅಧ್ಯಕ್ಷರೂ ಮುಖ್ಯಸ್ಥರೂ ರಾಜೀನಾಮೆ ಕೊಡಬೇಕಾಯಿತು.

ಜಿಪಿಎಸ್ ಯಾಕೆ ಮುಷ್ಕರ ಹೂಡುತ್ತದೆ?

ಈ ನಿಯಮಗಳ ಮೂಲ ಶೀತಲ ಸಮರದಲ್ಲಿದೆ. ಸೋವಿಯತ್ ಬಣಕ್ಕೆ ತಂತ್ರಜ್ಞಾನ ಸಿಗಬಾರದು ಅಂತ 1949ರಲ್ಲಿ ಪಾಶ್ಚಾತ್ಯ ದೇಶಗಳು ಕೋಕಾಮ್ ಎಂಬ ಕೂಟ ಕಟ್ಟಿಕೊಂಡವು. 1994ರಲ್ಲಿ ಅದು ಮುಚ್ಚಿತು. ಅದರ ಹೆಸರು ಮಾತ್ರ ಇನ್ನೂ ಸತ್ತಿಲ್ಲ. ಹವಾಮಾನ ಬಲೂನಿಗೆ ಅಗ್ಗದ ಜಿಪಿಎಸ್ ಕಟ್ಟಿ ಹಾರಿಸಿದ ವಿದ್ಯಾರ್ಥಿಗಳಿಗೆ ಇದು ಗೊತ್ತಿರುತ್ತದೆ. ಬಲೂನು 18 ಕಿ.ಮೀ. ದಾಟಿದ ಕೂಡಲೇ ಕೆಲವು ಜಿಪಿಎಸ್‌ಗಳು ಸುಮ್ಮನಾಗಿಬಿಡುತ್ತವೆ. ಕೆಟ್ಟಿದ್ದಲ್ಲ. ಅಷ್ಟು ಎತ್ತರದಲ್ಲಿ, ಗಂಟೆಗೆ ಸುಮಾರು 1,900 ಕಿ.ಮೀ. ವೇಗದಲ್ಲಿ ಹೋಗುವಂಥದ್ದು ಕ್ಷಿಪಣಿಯಾಗಿರಬಹುದು ಎಂದು ತಯಾರಕರೇ ಬೀಗ ಹಾಕಿರುತ್ತಾರೆ. ಕೆಲವರು ಎತ್ತರ, ವೇಗ ಎರಡೂ ಮೀರಿದಾಗ ನಿಲ್ಲಿಸುತ್ತಾರೆ, ಕೆಲವರು ಒಂದೇ ಮೀರಿದರೂ ನಿಲ್ಲಿಸುತ್ತಾರೆ. ಇದಕ್ಕೆ ಇವತ್ತಿಗೂ 'ಕೋಕಾಮ್ ಮಿತಿ' ಅಂತಲೇ ಹೆಸರು.

ಈಗ ನಾಲ್ಕು ಕೂಟಗಳಿವೆ. ಕ್ಷಿಪಣಿಗೆ ಎಂಟಿಸಿಆರ್, ಸಾಂಪ್ರದಾಯಿಕ ಶಸ್ತ್ರ ಮತ್ತು ಇಬ್ಬಳಕೆಯ ಸಾಮಾನಿಗೆ ವಾಸೆನಾರ್ ಒಪ್ಪಂದ, ರಾಸಾಯನಿಕ ಮತ್ತು ಜೈವಿಕ ವಸ್ತುಗಳಿಗೆ ಆಸ್ಟ್ರೇಲಿಯಾ ಗ್ರೂಪ್, ಪರಮಾಣುವಿಗೆ ಎನ್‌ಎಸ್‌ಜಿ. ಇವು ಪಟ್ಟಿ ಮಾಡುತ್ತವೆ ಅಷ್ಟೇ. ಕಾನೂನು ಮಾಡುವುದು ಆಯಾ ದೇಶ. ನಮ್ಮ ದೇಶದ ಪಟ್ಟಿಯ ಹೆಸರು ಸ್ಕೋಮೆಟ್. ವಿಶೇಷ ರಾಸಾಯನಿಕ, ಜೀವಿ, ವಸ್ತು, ಉಪಕರಣ, ತಂತ್ರಜ್ಞಾನ ಎಂಬುದರ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿದ ಪದ ಅದು. ಸೊನ್ನೆಯಿಂದ ಎಂಟರವರೆಗೆ ವರ್ಗಗಳಿವೆ. ಸೊನ್ನೆ ಪರಮಾಣುವಿನದು, ಅದನ್ನು ಅಣುಶಕ್ತಿ ಇಲಾಖೆ ನೋಡುತ್ತದೆ. ಐದು ವೈಮಾಂತರಿಕ್ಷದ್ದು. ಆರು ಶಸ್ತ್ರಾಸ್ತ್ರದ್ದು, ಅದು ರಕ್ಷಣಾ ಉತ್ಪಾದನಾ ಇಲಾಖೆಗೆ ಸೇರಿದ್ದು. ಎಂಟರಲ್ಲಿ ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್, ಲೇಸರ್, ಸೆನ್ಸರ್ ಎಲ್ಲ ಬರುತ್ತವೆ. ಏಳು ಖಾಲಿ, ಮುಂದಕ್ಕೆ ಕಾದಿರಿಸಿದ್ದಾರೆ. ಉಳಿದ ಬಹುಪಾಲು ಅರ್ಜಿಗಳು ಹೋಗುವುದು ಡಿಜಿಎಫ್‌ಟಿಗೆ, ಅಂದರೆ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯಕ್ಕೆ. ಬೇರೆ ಬೇರೆ ಸಚಿವಾಲಯಗಳ ಸಮಿತಿ ಕೂತು ನೋಡಿ ಪರವಾನಗಿ ಕೊಡುತ್ತದೆ ಅಥವಾ ಇಲ್ಲ ಅನ್ನುತ್ತದೆ.

ಪಟ್ಟಿಯಲ್ಲಿ ಇಲ್ಲದಿದ್ದರೆ ಬಚಾವು ಅಂದುಕೊಳ್ಳುವ ಹಾಗೂ ಇಲ್ಲ. ಸಾಮಾನು ಮಹಾವಿನಾಶಕ ಅಸ್ತ್ರಕ್ಕೆ ಹೋಗುತ್ತಿದೆ ಎಂದು ತಿಳಿದಿದ್ದರೆ, ಅಥವಾ ಅನುಮಾನಕ್ಕೆ ಕಾರಣವಿದ್ದರೆ, ಅದು ಸಾದಾ ನಟ್ಟು ಬೋಲ್ಟಾದರೂ ಸುಮ್ಮನೆ ಕಳಿಸುವಂತಿಲ್ಲ. 2005ರ ಮಹಾವಿನಾಶಕ ಅಸ್ತ್ರಗಳ ಕಾಯ್ದೆ ಹೇಳುವುದು ಇದನ್ನೇ.

ಮೇಲ್ ಕಳಿಸಿದರೂ ರಫ್ತೇ

ನಮ್ಮ ವಯಸ್ಸಿನವರು ಮುಖ್ಯವಾಗಿ ತಿಳಿಯಬೇಕಾದ್ದು ಇದು. ರಫ್ತು ಅಂದರೆ ಚೆನ್ನೈ ಬಂದರಿನ ಕಂಟೇನರ್ ಮಾತ್ರವಲ್ಲ. ನಿಯಂತ್ರಿತ ವಸ್ತುವಿನ ಡ್ರಾಯಿಂಗನ್ನು ಇಮೇಲ್‌ನಲ್ಲಿ ಹೊರದೇಶಕ್ಕೆ ಕಳಿಸಿದರೂ ರಫ್ತು. ಕ್ಲೌಡ್‌ನಲ್ಲಿಟ್ಟು ಅಲ್ಲಿಯವರಿಗೆ ಪಾಸ್‌ವರ್ಡ್ ಕೊಟ್ಟರೂ ರಫ್ತು. ವಿಡಿಯೊ ಕಾಲ್‌ನಲ್ಲಿ ಹಂತ ಹಂತವಾಗಿ ಹೇಳಿಕೊಟ್ಟರೂ ರಫ್ತಾಗಬಹುದು. ಕಸ್ಟಮ್ಸ್‌ನವರಿಗೆ ಕಾಣುವುದು ಪೆಟ್ಟಿಗೆ. ಲ್ಯಾಪ್‌ಟಾಪಿನಿಂದ ಹೋಗುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಂತ ಪಠ್ಯಪುಸ್ತಕದಲ್ಲಿರುವುದನ್ನು ಹೇಳಲೂ ಹೆದರಬೇಕಿಲ್ಲ. ಎಲ್ಲರಿಗೂ ಲಭ್ಯವಿರುವ ಜ್ಞಾನಕ್ಕೂ ಮೂಲ ವಿಜ್ಞಾನ ಸಂಶೋಧನೆಗೂ ವಿನಾಯಿತಿ ಇದೆ.

ಎಂ.ಎಸ್. ಮಾಡಲು ಅಮೆರಿಕಕ್ಕೆ ಹೋಗುವ ಗೆಳೆಯರಿಗೆ ಇದರ ಇನ್ನೊಂದು ಮುಖ ಎದುರಾಗುತ್ತದೆ. ಅಲ್ಲಿನ ಕಾನೂನಿನ ಪ್ರಕಾರ, ನಿಯಂತ್ರಿತ ತಂತ್ರಜ್ಞಾನವನ್ನು ಅಮೆರಿಕದ ನೆಲದಲ್ಲೇ ವಿದೇಶಿ ವಿದ್ಯಾರ್ಥಿಗೆ ತೋರಿಸಿದರೂ ಅದು ಅವನ ದೇಶಕ್ಕೆ ರಫ್ತು ಮಾಡಿದಂತೆ. ಕೆಲವು ಲ್ಯಾಬುಗಳ ಬಾಗಿಲು, ಕೆಲವು ಏರೋಸ್ಪೇಸ್ ಕಂಪನಿಗಳ ಕೆಲಸ ಅವರಿಗೆ ತೆರೆಯದೇ ಇರುವುದು ಅಂಕ ಕಡಿಮೆಯಾಗಿದ್ದಕ್ಕಲ್ಲ.

'ಇಷ್ಟು ಸಣ್ಣವರಿಗೆ ಯಾಕಮ್ಮಾ?'

ಕಳೆದ ವರ್ಷ ನಮ್ಮಲ್ಲಿಗೆ ಒಂದು ಎನ್‌ಕ್ವೈರಿ ಬಂತು. ಕೊಲ್ಲಿ ದೇಶವೊಂದರ ಟ್ರೇಡಿಂಗ್ ಕಂಪನಿ. ತೆಳು ಗೋಡೆಯ ಬುಷ್‌ಗಳು ಬೇಕು, ಮರೇಜಿಂಗ್ ಸ್ಟೀಲ್‌ನಲ್ಲಿ. ನೀರಿನ ಪಂಪಿನ ಬಿಡಿಭಾಗ ಅಂತ ಬರೆದಿದ್ದರು. ಮರೇಜಿಂಗ್ ಸ್ಟೀಲ್ ಅಂದರೆ ನಿಕ್ಕಲ್ ಬೆರೆತ, ಮಾಮೂಲಿ ಉಕ್ಕಿಗಿಂತ ಹಲವು ಪಟ್ಟು ಗಟ್ಟಿಯ, ದುಬಾರಿ ಉಕ್ಕು. ವಿಮಾನಕ್ಕೂ, ರೇಸ್ ಕಾರಿಗೂ, ಯುರೇನಿಯಂ ಸಾಂದ್ರಗೊಳಿಸುವ ಸೆಂಟ್ರಿಫ್ಯೂಜಿಗೂ ಬಳಕೆಯಾಗುತ್ತದೆ. ನೀರಿನ ಪಂಪಿಗೆ ಅದನ್ನು ಹಾಕುವುದು ಬಾವಿ ಹಗ್ಗಕ್ಕೆ ರೇಷ್ಮೆ ನೂಲು ಹೊಸೆದಂತೆ.

ಕೊನೆಗೆ ಇದನ್ನು ಬಳಸುವವರು ಯಾರು, ಒಂದು ಪತ್ರ ಕೊಡಿ ಅಂತ ಬರೆದೆ. 'ನಮ್ಮ ಗ್ರಾಹಕರ ಹೆಸರು ಗುಟ್ಟು' ಅಂತ ಉತ್ತರ ಬಂತು. ಮತ್ತೆ ಕೇಳಿದ್ದಕ್ಕೆ ಪೂರ್ತಿ ಹಣ ಮುಂಗಡ ಕೊಡುತ್ತೇವೆ ಅಂದರು.

ನಮ್ಮ ಯಜಮಾನರು ಕೆಟ್ಟವರಲ್ಲ. ಆ ಎರಡು ತಿಂಗಳು ಆರ್ಡರ್ ಕಡಿಮೆಯಿತ್ತು, ಓವರ್‌ಟೈಮ್ ನಿಂತಿತ್ತು, ಬ್ಯಾಂಕಿನ ಕಂತು ಬಾಕಿಯಿತ್ತು. 'ಏನಮ್ಮಾ, ಅವ್ರು ಕೇಳಿರೋದು ಬುಷ್ಷು, ಬಾಂಬಲ್ಲ. ಇಷ್ಟು ಸಣ್ಣ ಶಾಪ್‌ನವರಿಗೆ ಯಾಕೆ ಈ ಉಸಾಬರಿ?' ಅಂದರು.

ನಾನು ಅವರಿಗೆ ಹೇಳಿದ್ದು ಮಲೇಷ್ಯಾದ ಕಥೆ. 2003ರ ಅಕ್ಟೋಬರ್‌ನಲ್ಲಿ ಲಿಬಿಯಾಕ್ಕೆ ಹೊರಟಿದ್ದ 'ಬಿಬಿಸಿ ಚೈನಾ' ಎಂಬ ಹಡಗನ್ನು ತಡೆದು ಇಟಲಿಯಲ್ಲಿ ಇಳಿಸಿ ನೋಡಿದರು. ಒಳಗೆ ಸೆಂಟ್ರಿಫ್ಯೂಜಿನ ಭಾಗಗಳಿದ್ದವು. ಪಾಕಿಸ್ತಾನದ ಎ.ಕ್ಯೂ. ಖಾನ್ ಜಾಲದ ಸರಕು ಅದು. ಭಾಗಗಳನ್ನು ತಯಾರಿಸಿದ್ದು ಮಲೇಷ್ಯಾದ ಒಂದು ನಿಖರ ಯಂತ್ರಭಾಗ ಕಾರ್ಖಾನೆ, ಆರ್ಡರ್ ಬಂದಿದ್ದು ದುಬೈನ ಮಧ್ಯವರ್ತಿಗಳ ಮೂಲಕ. 'ತೈಲ ಮತ್ತು ಅನಿಲ ಉದ್ಯಮಕ್ಕೆ ಅಂದುಕೊಂಡಿದ್ದೆವು' ಎಂದು ಆ ಕಾರ್ಖಾನೆ ಹೇಳಿತು. ಆ ಜಾಲಕ್ಕೆ ಬೇಕಿದ್ದುದೇ ಅದು. ಬಾಂಬು ತಯಾರಿಸಿಕೊಡಿ ಅಂತ ಯಾರೂ ಕೇಳಲಿಲ್ಲ. ಒಬ್ಬರಿಂದ ಬುಷ್ಷು, ಇನ್ನೊಬ್ಬರಿಂದ ಟ್ಯೂಬು, ಮತ್ತೊಬ್ಬರಿಂದ ಮೋಟಾರು. ಇದಾದ ಮೇಲೆಯೇ 2004ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1540ನೇ ನಿರ್ಣಯ ಮಾಡಿ, ಪ್ರತಿ ದೇಶವೂ ರಫ್ತು ನಿಯಂತ್ರಣ ಇಟ್ಟುಕೊಳ್ಳಲೇಬೇಕು ಎಂದಿತು. ನಮ್ಮ 2005ರ ಕಾಯ್ದೆ ಬಂದಿದ್ದು ಅದರ ಮರುವರ್ಷ.

'ಸಾರ್, ಅಂಥವರು ಹುಡುಕೋದು ಸಣ್ಣ ಶಾಪ್‌ಗಳನ್ನೇ' ಅಂದೆ. ಯಜಮಾನರು ಒಂದು ದಿನ ಸುಮ್ಮನಿದ್ದರು. ಮರುದಿನ ಬೆಳಿಗ್ಗೆ 'ಆಗಲ್ಲ ಅಂತ ಬರೆದುಬಿಡಮ್ಮ' ಅಂದರು. ಬರೆದೆ. ಆ ತಿಂಗಳು ಓವರ್‌ಟೈಮ್ ಬರಲಿಲ್ಲ. ಆಪರೇಟರ್‌ಗಳಲ್ಲಿ ಇಬ್ಬರು ನನ್ನ ಹತ್ತಿರ ಒಂದು ವಾರ ಮಾತಾಡಲಿಲ್ಲ. ಆ ಬುಷ್ಷು ನಿಜಕ್ಕೂ ಎಲ್ಲಿಗೆ ಹೋಗುವುದಿತ್ತೋ ನನಗೆ ಎಂದೂ ತಿಳಿಯುವುದಿಲ್ಲ. ಈ ಕೆಲಸದ ಕಷ್ಟವೇ ಅದು. ತಡೆದ ಅನಾಹುತಕ್ಕೆ ಸಾಕ್ಷಿ ಇರುವುದಿಲ್ಲ, ಹೋದ ದುಡ್ಡಿಗೆ ಮಾತ್ರ ಲೆಕ್ಕ ಇರುತ್ತದೆ.

ನಮ್ಮ ಮೇಲೂ ಬೀಗ ಬಿದ್ದಿತ್ತು

ಆದರೆ ನನ್ನನ್ನು ಹೆಚ್ಚು ಕಾಡಿದ್ದು ನಮ್ಮ ಕ್ವಾಲಿಟಿ ವಿಭಾಗದ ಹಿರಿಯರೊಬ್ಬರ ಮಾತು. ನಾವೆಲ್ಲ ಅವರನ್ನು ಅಣ್ಣ ಅಂತ ಕರೆಯುತ್ತೇವೆ. ಊಟದ ಹೊತ್ತಿನಲ್ಲಿ ಡಬ್ಬಿ ಮುಚ್ಚುತ್ತಾ, 'ಅವತ್ತು ಅವ್ರು ನಮಗೆ ಹೀಗೇ ಇಲ್ಲ ಅಂತಿದ್ರು. ಇವತ್ತು ನಾವು ಇನ್ನೊಬ್ರಿಗೆ ಇಲ್ಲ ಅಂತೀವಿ. ನ್ಯಾಯ ಎಲ್ಲಮ್ಮ ಬಂತು?' ಅಂದರು.

ಅವರ ಮಾತಲ್ಲಿ ಸುಳ್ಳಿರಲಿಲ್ಲ. 1991ರಲ್ಲಿ ಇಸ್ರೋ ರಷ್ಯಾದ ಗ್ಲಾವ್‌ಕಾಸ್ಮೋಸ್ ಜೊತೆ ಕ್ರಯೋಜೆನಿಕ್ ಎಂಜಿನ್ ಮತ್ತು ಅದರ ತಂತ್ರಜ್ಞಾನಕ್ಕೆ ಒಪ್ಪಂದ ಮಾಡಿಕೊಂಡಿತು. ಆಗ ಇಸ್ರೋ ಅಧ್ಯಕ್ಷರಾಗಿದ್ದವರು ನಮ್ಮ ಉಡುಪಿ ಕಡೆಯ ಯು.ಆರ್. ರಾವ್. ಕ್ಷಿಪಣಿ ನಿಯಂತ್ರಣದ ನೆಪ ಹೇಳಿ 1992ರ ಮೇ ತಿಂಗಳಲ್ಲಿ ಅಮೆರಿಕ ಎರಡೂ ಸಂಸ್ಥೆಗಳ ಮೇಲೆ ಎರಡು ವರ್ಷದ ನಿರ್ಬಂಧ ಹೇರಿತು. 1993ರಲ್ಲಿ ರಷ್ಯಾ ತಂತ್ರಜ್ಞಾನ ಕೊಡುವ ಮಾತಿನಿಂದ ಹಿಂದೆ ಸರಿದು, ಸಿದ್ಧ ಎಂಜಿನ್‌ಗಳನ್ನಷ್ಟೇ ಕೊಡುತ್ತೇನೆ ಎಂದಿತು. ದ್ರವ ಹೈಡ್ರೋಜನ್ನನ್ನು ಸೊನ್ನೆಗಿಂತ 253 ಡಿಗ್ರಿ ಕೆಳಗೆ ಇಡಬೇಕು. ಅದನ್ನು ತುಂಬಿಸಿಕೊಂಡು ತಿಂಗಳುಗಟ್ಟಲೆ ಕಾಯುವ ಯುದ್ಧ ಕ್ಷಿಪಣಿ ಯಾರಿಗೂ ಉಪಯೋಗಕ್ಕೆ ಬಾರದು. ಭಯ ಕ್ಷಿಪಣಿಯದೋ, ಉಪಗ್ರಹ ಉಡಾವಣೆಯ ಮಾರುಕಟ್ಟೆಯದೋ ಎಂದು ನಮ್ಮವರು ಕೇಳಿದ್ದರಲ್ಲಿ ತಪ್ಪಿಲ್ಲ. ಸ್ವದೇಶಿ ಕ್ರಯೋಜೆನಿಕ್ ಎಂಜಿನ್ ಹೊತ್ತ ಮೊದಲ ಜಿಎಸ್‌ಎಲ್‌ವಿ 2010ರ ಏಪ್ರಿಲ್‌ನಲ್ಲಿ ವಿಫಲವಾಯಿತು. ಗೆದ್ದಿದ್ದು 2014ರ ಜನವರಿ 5ರಂದು. ಒಪ್ಪಂದದಿಂದ ಗೆಲುವಿನವರೆಗೆ 23 ವರ್ಷ.

1998ರ ಪೋಖ್ರಾನ್ ಪರೀಕ್ಷೆಯ ನಂತರ ಬೆಂಗಳೂರಿಗೇ ಬಿಸಿ ತಟ್ಟಿತು. ಲಘು ಯುದ್ಧ ವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಗಾಗಿ ಅಮೆರಿಕದಲ್ಲಿ ಲಾಕ್‌ಹೀಡ್ ಮಾರ್ಟಿನ್ ಜೊತೆ ದುಡಿಯುತ್ತಿದ್ದ ನಮ್ಮ ಎಂಜಿನಿಯರ್‌ಗಳು ಕೆಲಸವನ್ನು ಅರ್ಧಕ್ಕೇ ಬಿಟ್ಟು ವಾಪಸಾಗಬೇಕಾಯಿತು. ಅವರ ಉಪಕರಣಗಳು ಅಲ್ಲೇ ಉಳಿದವು. ಉಳಿದ ಕೆಲಸವನ್ನು ಇಲ್ಲೇ ಮಾಡಿ ಮುಗಿಸಿದರು. 2001ರ ಜನವರಿ 4ರಂದು ಆ ವಿಮಾನ ಎಚ್‌ಎಎಲ್ ನಿಲ್ದಾಣದಿಂದ ಮೇಲೇರಿತು. ಅದೇ ಇಂದಿನ ತೇಜಸ್. ಇಸ್ರೋ ಮತ್ತು ಡಿಆರ್‌ಡಿಒ ಅಂಗಸಂಸ್ಥೆಗಳು ಅಮೆರಿಕದ ನಿರ್ಬಂಧ ಪಟ್ಟಿಯಿಂದ ಹೊರಬಂದಿದ್ದು 2011ರಲ್ಲಿ.

ಈಗ ಚಿತ್ರ ಬದಲಾಗಿದೆ. 2016ರ ಜೂನ್‌ನಲ್ಲಿ ಭಾರತ ಎಂಟಿಸಿಆರ್ ಸೇರಿತು, 2017ರ ಡಿಸೆಂಬರ್‌ನಲ್ಲಿ ವಾಸೆನಾರ್, 2018ರ ಜನವರಿಯಲ್ಲಿ ಆಸ್ಟ್ರೇಲಿಯಾ ಗ್ರೂಪ್. ಉಳಿದಿದ್ದು ಎನ್‌ಎಸ್‌ಜಿ. 1974ರ ನಮ್ಮ ಅಣುಪರೀಕ್ಷೆಗೆ ಪ್ರತಿಯಾಗಿ ಹುಟ್ಟಿದ ಆ ಕೂಟದ ಬಾಗಿಲು ಚೀನಾದ ಆಕ್ಷೇಪದಿಂದ ನಮಗೆ ಇನ್ನೂ ತೆರೆದಿಲ್ಲ. ಒಂದು ಮನೆಯ ಹೊರಗೆ ಕಾಯುತ್ತಾ, ಮೂರು ಮನೆಯ ಒಳಗೆ ಕೂತಿರುವ ಸ್ಥಿತಿ ನಮ್ಮದು.

ಅಣ್ಣನ ಪ್ರಶ್ನೆಗೆ ನನ್ನ ಉತ್ತರ

ಆ ದಿನ ಅಣ್ಣನಿಗೆ ಉತ್ತರ ಕೊಡಲಾಗಲಿಲ್ಲ. ಆಮೇಲೆ ಯೋಚಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬೀಗ ಎರಡು ಬಗೆಯದು. ಕಳ್ಳನಿಗೆ ಹಾಕುವ ಬೀಗ ಒಂದು, ಪಕ್ಕದ ಅಂಗಡಿಯವನು ಮೇಲೆ ಬಾರದಿರಲಿ ಅಂತ ಹಾಕುವ ಬೀಗ ಇನ್ನೊಂದು. ಎರಡಕ್ಕೂ ಒಂದೇ ಹೆಸರು ಹೇಳುತ್ತಾರೆ: ಭದ್ರತೆ. 2022ರ ಅಕ್ಟೋಬರ್‌ನಲ್ಲಿ ಅಮೆರಿಕ ಚೀನಾಕ್ಕೆ ಅತ್ಯಾಧುನಿಕ ಚಿಪ್ ಮತ್ತು ಚಿಪ್ ತಯಾರಿಸುವ ಯಂತ್ರಗಳನ್ನು ತಡೆದಾಗಲೂ, 2025ರ ಏಪ್ರಿಲ್‌ನಲ್ಲಿ ಚೀನಾ ಏಳು ಅಪರೂಪದ ಲೋಹಗಳಿಗೂ ಅವುಗಳ ಅಯಸ್ಕಾಂತಗಳಿಗೂ ಪರವಾನಗಿ ಕಡ್ಡಾಯ ಮಾಡಿದಾಗಲೂ ಕೇಳಿದ್ದು ಅದೇ ಪದ. ಆ ಅಯಸ್ಕಾಂತಕ್ಕಾಗಿ ನಮ್ಮ ಎಲೆಕ್ಟ್ರಿಕ್ ವಾಹನ ತಯಾರಕರು 'ಇದನ್ನು ಶಸ್ತ್ರಕ್ಕೆ ಬಳಸುವುದಿಲ್ಲ' ಎಂದು ಮುಚ್ಚಳಿಕೆ ಬರೆದುಕೊಡಬೇಕಾಯಿತು. ನಾನು ಕೊಲ್ಲಿಯ ಕಂಪನಿಯಿಂದ ಕೇಳಿದ ಪತ್ರದಂಥದ್ದೇ ಅದು.

ಕ್ರಯೋಜೆನಿಕ್ ವಿಷಯದಲ್ಲಿ ನಮಗೆ ಅನ್ಯಾಯವಾಯಿತು ಅಂತ ಸೆಂಟ್ರಿಫ್ಯೂಜಿನ ಬುಷ್ಷನ್ನು ಯಾರಿಗೆ ಬೇಕಾದರೂ ಮಾರಬಹುದು ಎಂದಾಗುವುದಿಲ್ಲ. ಹಾಗೆಯೇ, ಈಗ ನಾವು ಒಳಗಿದ್ದೇವೆ ಅಂತ ಹೊರಗಿರುವವರನ್ನೆಲ್ಲ ಕಳ್ಳರೆಂದು ನೋಡುವುದೂ ಸರಿಯಲ್ಲ. 'ಇಲ್ಲ' ಅನ್ನುವ ಮೊದಲು ಕಾರಣ ಹುಡುಕಬೇಕು. ಊರ ಹೆಸರು, ಜನರ ಹೆಸರು ನೋಡಿ ಅಲ್ಲ. ಸಾಮಾನು, ಸಂಖ್ಯೆ, ಹೇಳಿದ ಬಳಕೆ ಒಂದಕ್ಕೊಂದು ಹೊಂದುತ್ತವೆಯೇ ಅಂತ ನೋಡಿ. ಆ ಗ್ರಾಹಕರು ಕೊನೆಯ ಬಳಕೆದಾರರ ಪತ್ರ ಕೊಟ್ಟಿದ್ದರೆ ನಾನೇ ಕೂತು ಡಿಜಿಎಫ್‌ಟಿಗೆ ಅರ್ಜಿ ತುಂಬುತ್ತಿದ್ದೆ. ನಿಯಮದ ಹೆಸರು ನಿಯಂತ್ರಣ, ನಿಷೇಧ ಅಲ್ಲ. ನಾಗರಿಕ ಬಳಕೆಯ ಸಣ್ಣ ಡ್ರೋನ್‌ಗಳಿಗೆ 2023ರಲ್ಲಿ ಸಾಮಾನ್ಯ ಅನುಮತಿಯ ದಾರಿ ತೆರೆದರು. ಅದನ್ನು ಒಮ್ಮೆ ಪಡೆದರೆ ಪ್ರತಿ ರವಾನೆಗೂ ಬೇರೆ ಪರವಾನಗಿಗೆ ಅಲೆಯಬೇಕಿಲ್ಲ. ಡ್ರೋನ್ ಸ್ಟಾರ್ಟಪ್ ಮಾಡುವ ಎಷ್ಟು ಗೆಳೆಯರಿಗೆ ಇದು ಗೊತ್ತಿದೆ?

ದೇವನಹಳ್ಳಿಯಲ್ಲಿ, ಬೆಳಗಾವಿಯಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತಿವೆ. ಪೀಣ್ಯದ ಸಂದಿಗಳಿಂದ ಹೊರಟ ಸಣ್ಣ ಲೋಹದ ತುಂಡುಗಳು ಯಾವ ಯಾವ ಖಂಡ ತಲುಪುತ್ತವೋ. ಅವುಗಳ ಡ್ರಾಯಿಂಗ್ ತೆರೆಯುವವರು, ಮೇಲ್ ಕಳಿಸುವವರು, ಕೋಡ್ ಬರೆಯುವವರು ಇಪ್ಪತ್ತರ ಆಸುಪಾಸಿನವರು. ಆದರೂ ನಮ್ಮ ಎಂಜಿನಿಯರಿಂಗ್ ತರಗತಿಯಲ್ಲಿ ಇದರ ಬಗ್ಗೆ ಒಂದು ಗಂಟೆಯ ಪಾಠ ಇರಲಿಲ್ಲ. ಥರ್ಮೋಡೈನಮಿಕ್ಸ್‌ನಷ್ಟು ಬೇಡ, ಒಂದೇ ಗಂಟೆ ಸಾಕು. ಯಾರಿಗೆ, ಯಾತಕ್ಕೆ ಎಂಬ ಎರಡು ಪ್ರಶ್ನೆ ಕೇಳುವ ಅಭ್ಯಾಸ ಆದರೆ ಸಾಕು.

ಕಳೆದ ತಿಂಗಳು ಯುರೋಪಿನಿಂದ ಒಂದು ಎನ್‌ಕ್ವೈರಿ ಬಂದಿದೆ. ವೈದ್ಯಕೀಯ ಉಪಕರಣದ ಭಾಗವಂತೆ. ಕೊನೆಯ ಬಳಕೆದಾರರ ಪತ್ರ ಕೇಳಿ ಬರೆದಿದ್ದೇನೆ. ಈ ಸಲ ಮೇಲ್ ಕಳಿಸುವ ಮೊದಲು ಯಜಮಾನರೇ ನನ್ನ ಟೇಬಲ್ಲಿಗೆ ಬಂದು ಕೇಳಿದರು: 'ಯಾರಿಗೆ ಅಂತ ಕೇಳಿದ್ಯೇನಮ್ಮಾ?'